ಮಾಲ್ವಣ ಪಕ್ಕದ ವರಾಡ, ಐರ್ಲೆಂಡಿನ ಲಿಯೋ ವರಾಡ್ಕರ್: ಪ್ರಧಾನಿ ಕುರ್ಚಿ 45ಕ್ಕೇ ಯಾಕೆ ಬಿಟ್ಟರು?

ಬೆಳಗಾವಿ_ಕುಂದಾ
ಕಳೆದ ವಾರ ಮನೆಯವರನ್ನೆಲ್ಲ ಕರ್ಕೊಂಡು ಮಾಲ್ವಣಕ್ಕೆ ಹೋಗಿದ್ದೆ. ಬೆಳಗಾವಿಯವರಿಗೆ ಗೊತ್ತಿರುತ್ತೆ, ಅಂಬೋಲಿ ಘಾಟ್ ಇಳಿದು ಸಾವಂತವಾಡಿ ದಾಟಿದರೆ ಮೀನಿಗೆ ನಮಗೆ ಅದೇ ಹತ್ತಿರ. ಖಾನಾವಳಿ ಯಜಮಾನ ಸುರ್ಮಯಿ ತಾಟು ತಂದಿಡುತ್ತಾ, "ವರಾಡ ಊರು ನೋಡಿದ್ರಾ? ಆಯರ್ಲೆಂಡಿನ ಪಂತಪ್ರಧಾನ ನಮ್ಮ ವರಾಡದವನು" ಅಂದ. ಹೇಳುವಾಗ ಅವನ ಎದೆ ಎರಡಿಂಚು ಮುಂದೆ ಬಂದಿತ್ತು.

ವಾಪಸ್ ಬರುವಾಗ ಘಾಟಿನ ಮೇಲೆ ಭಜಿ ತಿನ್ನುತ್ತಾ ಮೊಬೈಲಿನಲ್ಲಿ ಓದೋಕೆ ಶುರು ಮಾಡಿದೆ. ನಮ್ಮೂರಲ್ಲಿ ಐರ್ಲೆಂಡ್ ಅಂದರೆ ಮೊದಲು ನೆನಪಾಗೋದು ಸವಿತಾ ಹಾಲಪ್ಪನವರ್. ಬೆಳಗಾವಿಯ ಹುಡುಗಿ, ಹಲ್ಲಿನ ಡಾಕ್ಟರ್, 2012ರಲ್ಲಿ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳಿಗೆ ಅಡ್ಡ ಬಂದ ಗರ್ಭಪಾತದ ಕಾನೂನು ಬದಲಾದಾಗ ಅಲ್ಲಿ ಪ್ರಧಾನಿಯಾಗಿದ್ದದ್ದು ಇದೇ ವರಾಡ್ಕರ್ ಅಂತ ನನಗೆ ಗೊತ್ತೇ ಇರಲಿಲ್ಲ. ಅವಳು ಘಾಟಿನ ಮೇಲಿನ ಊರಿನವಳು, ಇವನ ಮನೆತನ ಘಾಟಿನ ಕೆಳಗಿನ ಊರಿನದು.

ಅಲ್ಲಿರುವವರು ಯಾರಾದ್ರೂ ಹೇಳಿ. ಈ ಮನುಷ್ಯ ಸ್ವಂತ ಬಲದ ಮೇಲೆ ಬಂದನಾ, ಇಲ್ಲ ಅದೃಷ್ಟನಾ? ಏನಾದ್ರೂ ಮಾಡಿದನಾ? ಮತ್ತೆ 45 ವರ್ಷಕ್ಕೆ ಯಾರಾದ್ರೂ ಆ ಕುರ್ಚಿ ಬಿಟ್ಟು ಎದ್ದು ಹೋಗ್ತಾರಾ?

ಸುಮ್ನೆ_ಬಂದೆ
ಸುರ್ಮಯಿ ತಾಟು ಎಷ್ಟು ಅಲ್ಲಿ?

ಬೆಳಗಾವಿ_ಕುಂದಾ
ಮುನ್ನೂರೈವತ್ತು. ಸೋಲ್‌ಕಡಿ ಎಷ್ಟು ಕೇಳಿದ್ರೂ ಹಾಕ್ತಾರೆ. ಈಗ ವಿಷಯಕ್ಕೆ ಬನ್ರಿ.

ಬ್ಲಾಂಚ್_ನಿವಾಸಿ
ನಾನು ಡಬ್ಲಿನ್ ಪಶ್ಚಿಮದ ಬ್ಲಾಂಚರ್ಡ್ಸ್‌ಟೌನಿನಲ್ಲಿದ್ದೀನಿ, ಅಂದ್ರೆ ಆತನದೇ ಕ್ಷೇತ್ರ. ಮೊದಲು ಖಾನಾವಳಿಯವರ ಮಾತು ಸ್ವಲ್ಪ ತಿದ್ದಬೇಕು. ಲಿಯೋ ಹುಟ್ಟಿದ್ದು ಡಬ್ಲಿನ್ನಿನಲ್ಲೇ, 1979ರಲ್ಲಿ. ಅಪ್ಪ ಅಶೋಕ್ ಹುಟ್ಟಿದ್ದು ಮುಂಬೈಯಲ್ಲಿ, ಮನೆತನ ಮಾತ್ರ ವರಾಡದ್ದು. ಅವರು ಡಾಕ್ಟರ್. ಅಮ್ಮ ಮಿರಿಯಂ ವಾಟರ್‌ಫರ್ಡ್ ಕಡೆಯ ನರ್ಸ್. ಇಬ್ಬರಿಗೂ ಪರಿಚಯ ಆಗಿದ್ದು ಇಂಗ್ಲೆಂಡಿನ ಸ್ಲೌ ಊರಿನ ಆಸ್ಪತ್ರೆಯಲ್ಲಿ. ಮಗ ಟ್ರಿನಿಟಿ ಕಾಲೇಜಿಗೆ ಮೊದಲು ಲಾ ಓದೋಕೆ ಸೇರಿ, ಆಮೇಲೆ ಮೆಡಿಸಿನ್‌ಗೆ ಬದಲಾಯಿಸಿಕೊಂಡ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲೂ ಸ್ವಲ್ಪ ಕಾಲ ಕೆಲಸ ಕಲಿತಿದ್ದಾನೆ.

ಅದೃಷ್ಟನಾ ಅಂತ ಕೇಳಿದ್ರಿ. 1999ರಲ್ಲಿ, 20ನೇ ವಯಸ್ಸಿಗೆ, ಓದುತ್ತಿರುವಾಗಲೇ ಕೌನ್ಸಿಲ್, ಅಂದ್ರೆ ಸ್ಥಳೀಯ ಸಂಸ್ಥೆಯ ಚುನಾವಣೆಗೆ ನಿಂತ. ಬಂದದ್ದು 380 ವೋಟು. ನಮ್ಮ ಕಡೆ ಆಗಿದ್ರೆ ಠೇವಣಿ ಕಳ್ಕೊಂಡ ಅಂತ ನಗ್ತಿದ್ವಿ. 2003ರಲ್ಲಿ ಫಿಂಗಲ್ ಕೌನ್ಸಿಲ್‌ನಲ್ಲಿ ಖಾಲಿಯಾದ ಜಾಗಕ್ಕೆ ಅವನ ಪಕ್ಷ ಫಿನ ಗೇಲ್ ಇವನನ್ನ ಕೂರಿಸಿತು. ಮರುವರ್ಷ ಚುನಾವಣೆಗೆ ನಿಂತಾಗ ಬಂದದ್ದು 4,894 ಮೊದಲ ಪ್ರಾಶಸ್ತ್ಯದ ಮತ, ಆ ಸಲದ ಸ್ಥಳೀಯ ಚುನಾವಣೆಯಲ್ಲಿ ಇಡೀ ದೇಶಕ್ಕೇ ಜಾಸ್ತಿ. 2007ಕ್ಕೆ ಡಾಲ್‌ಗೆ, ಅಂದ್ರೆ ಇಲ್ಲಿನ ಲೋಕಸಭೆಗೆ ಆಯ್ಕೆ.

ಇದರಲ್ಲಿ ಒಂದು ಗಮನಿಸಿ. ಇಲ್ಲಿ ಅಪ್ಪ ತೀರಿಕೊಂಡ ಸೀಟಿಗೆ ಉಪಚುನಾವಣೆಯಲ್ಲಿ ಮಗ ಬರೋದು ಬಹಳ ಮಾಮೂಲಿ. ಲಿಯೋಗಿಂತ ಹಿಂದಿನ ಪ್ರಧಾನಿ ಎಂಡಾ ಕೆನ್ನಿ ಬಂದಿದ್ದು ಹಾಗೆ, 1975ರಲ್ಲಿ. ಅವರಿಗಿಂತ ಹಿಂದಿನ ಬ್ರಯನ್ ಕೋವನ್ ಹಾಗೆ, 1984. ಪಕ್ಷದ ನಾಯಕತ್ವಕ್ಕೆ ಲಿಯೋ ಎದುರು ನಿಂತ ಸೈಮನ್ ಕೋವ್ನಿ ಹಾಗೆ, 1998. ನಮ್ಮ ಕ್ಷೇತ್ರದ್ದೇ ಬ್ರಯನ್ ಲೆನಿಹನ್ ಕೂಡ ಹಾಗೆ, 1996. ಇವರ ಮಧ್ಯೆ ವರಾಡ್ಕರ್ ಅನ್ನೋ ಹೆಸರು ಇಟ್ಕೊಂಡು ಬಾಗಿಲು ಬಾಗಿಲು ತಟ್ಟಿ ಬಂದವನು. ಅದನ್ನ ಅದೃಷ್ಟ ಅನ್ನೋಕೆ ನಂಗೆ ಬಾಯಿ ಬರಲ್ಲ.

ಕೋಡ್_ಕೊಟ್ರೇಶಿ
ಹೊಗಳಿದ್ದು ಸಾಕು ಗುರೂ. ಆತ ಅಪ್ಪಟ ಬಲಪಂಥೀಯ, ದುಡ್ಡಿರೋರ ಪರ. 2017ರಲ್ಲಿ ಸಮಾಜ ಕಲ್ಯಾಣದ ಮಂತ್ರಿಯಾಗಿದ್ದಾಗ ಸರ್ಕಾರದ ಭತ್ಯೆ ತಗೊಳ್ಳೋರಲ್ಲಿ ಮೋಸಗಾರರು ಇದ್ದಾರೆ ಅಂತ ಬಸ್ಸಿನ ಮೇಲೆಲ್ಲ ಜಾಹೀರಾತು ಹಾಕಿಸಿದ. ಅದೇ ಹೊತ್ತಿಗೆ ಪಕ್ಷದ ನಾಯಕತ್ವದ ಸ್ಪರ್ಧೆ. "ಬೆಳಗ್ಗೆ ಬೇಗ ಏಳೋ ಜನರ ಪರ ನಾನು" ಅಂತ ಘೋಷಣೆ ಬೇರೆ. ನೈಟ್ ಶಿಫ್ಟ್ ಮಾಡಿ ಮಧ್ಯಾಹ್ನ ಏಳೋರು ಏನ್ ಮಾಡ್ಬೇಕು?

ರಾತ್ರಿಪಾಳಿ
ಹೆಸರು ಹಿಡಿದು ಕರೆದ ಹಾಗಾಯ್ತು, ಬಂದೆ 😄

ನಾನು ಮಂಗಳೂರಿನ ಕಡೆಯವಳು, ಇಲ್ಲಿ ನರ್ಸ್. ಆಸ್ಪತ್ರೆ ಹೆಸರು ಬೇಡ. 2014ರಿಂದ 2016ರ ತನಕ ಲಿಯೋ ಆರೋಗ್ಯ ಮಂತ್ರಿ. ಸ್ವತಃ ಡಾಕ್ಟರ್ ಅಲ್ವಾ, ಏನಾದ್ರೂ ಆಗುತ್ತೆ ಅಂತ ನಾವೆಲ್ಲ ಕಾದ್ವಿ. ವಾರ್ಡಿನಲ್ಲಿ ಹಾಸಿಗೆ ಸಿಗದೆ ರೋಗಿಗಳು ಕಾರಿಡಾರಿನ ಟ್ರಾಲಿ ಮೇಲೆ ರಾತ್ರಿ ಕಳೆಯೋದು ಮುಂಚೆಯೂ ಇತ್ತು, ಆಗಲೂ ಇತ್ತು, ಆಮೇಲೂ ಇತ್ತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಟ್ರಾಲಿಯಲ್ಲಿ ಮಲಗಿ, ಲೈಟ್ ಕಣ್ಣಿಗೆ ಹೊಡೆಯುತ್ತೆ ಅಂತ ಮುಖದ ಮೇಲೆ ಕಾರ್ಡಿಗನ್ ಹಾಕ್ಕೊಂಡಿದ್ದರು. ಅವರ ತಲೆ ಪಕ್ಕದಲ್ಲೇ ನಾವು ಔಷಧಿ ಗಾಡಿ ತಳ್ಕೊಂಡು ಓಡಾಡಬೇಕು.

2018ರ ಕೊನೆಗೆ ಪ್ರಧಾನಿಯಾಗಿ, ಕ್ರಿಸ್ಮಸ್ ಸುತ್ತಮುತ್ತ ಆಸ್ಪತ್ರೆಯವರು ರಜೆ ಹಾಕಬಾರದು ಅನ್ನೋ ಧಾಟಿಯಲ್ಲಿ ಮಾತಾಡಿಬಿಟ್ಟ. ಕ್ರಿಸ್ಮಸ್ ದಿನ ಡ್ಯೂಟಿ ಮಾಡೋರಿಗೇ ಇದು! 2019ರ ಜನವರಿ ಕೊನೆಗೆ ನಾವು ಮುಷ್ಕರಕ್ಕೆ ಇಳಿದ್ವಿ. ಗೇಟಿನ ಮುಂದೆ ಬೋರ್ಡ್ ಹಿಡ್ಕೊಂಡು ನಿಂತಿದ್ದು ನೆನಪಿದೆ. ಎರಡು ಜೊತೆ ಗ್ಲೌಸ್ ಹಾಕಿದ್ರೂ ಬೆರಳು ಮರಗಟ್ಟಿತ್ತು. ಹೋಗೋ ಬಸ್ಸುಗಳೆಲ್ಲ ನಮಗಾಗಿ ಹಾರ್ನ್ ಹೊಡೀತಿದ್ವು.

ಆದ್ರೆ ಒಂದು ಮಾತು ಹೇಳಲೇಬೇಕು. 2020ರಲ್ಲಿ ಕೋವಿಡ್ ಬಂದಾಗ ಮತ್ತೆ ಡಾಕ್ಟರ್ ಅಂತ ನೋಂದಣಿ ಮಾಡಿಸ್ಕೊಂಡು ವಾರಕ್ಕೊಂದು ಪಾಳಿ ಫೋನಿನಲ್ಲಿ ರೋಗಿಗಳ ಜೊತೆ ಮಾತಾಡೋ ಕೆಲಸ ಮಾಡಿದ. ಪ್ರಚಾರ ಅಂದೋರು ಇದ್ರು. ನಮಗೆ ಆಗ ಒಂದು ಫೋನ್ ಕಡಿಮೆ ಆದ್ರೂ ಸಾಕಾಗಿತ್ತು.

ಕೋಡ್_ಕೊಟ್ರೇಶಿ
ಪ್ರಚಾರಾನೇ ಅಕ್ಕ. ಕೆನಡಾದ ಟ್ರುಡೋ ಬಂದಾಗ ಮೇಪಲ್ ಎಲೆ ಚಿತ್ರದ ಸಾಕ್ಸ್ ಹಾಕ್ಕೊಂಡು ತೋರಿಸಿದ್ದು ಯಾರು? ಹಾಡುಗಾರ್ತಿ ಕೈಲಿ ಮಿನೋಗ್‌ಗೆ ಸರ್ಕಾರಿ ಲೆಟರ್‌ಹೆಡ್‌ನಲ್ಲಿ ಅಭಿಮಾನಿ ಪತ್ರ ಬರೆದದ್ದು ಯಾರು?

ಮಂಡ್ಯ_ಇನ್_ಕಾರ್ಕ್
ಕೈಲಿಗೆ ಪತ್ರ ಬರೆಯೋದು ತಪ್ಪಾ? ನಮ್ಮ ಕಡೆ ಸಿನಿಮಾದೋರು ಬಂದ್ರೆ ಇಡೀ ಮಂತ್ರಿಮಂಡಲ ಸೆಲ್ಫಿಗೆ ನಿಲ್ಲುತ್ತೆ.

ಬೈ ದ ವೇ, ಕಾರ್ಕಿನವರಿಗೆ ಆತನ ಮೇಲೆ ಇನ್ನೂ ಸಿಟ್ಟಿದೆ, ಕಾರಣ ಬೇರೆ. 2017ರಲ್ಲಿ ಫಿನ ಗೇಲ್ ಪಕ್ಷದ ನಾಯಕ, ಅಂದ್ರೆ ಮುಂದಿನ ಪ್ರಧಾನಿ ಯಾರು ಅಂತ ವೋಟು ಹಾಕಿದಾಗ ಸಾಮಾನ್ಯ ಕಾರ್ಯಕರ್ತರಲ್ಲಿ ನೂರಕ್ಕೆ 65 ಜನ ನಮ್ಮ ಕಾರ್ಕಿನ ಕೋವ್ನಿಗೆ ಹಾಕಿದ್ರು. ಲಿಯೋಗೆ ಬರೀ 35. ಆದ್ರೂ ಲಿಯೋ ಗೆದ್ದ! ಯಾಕಂದ್ರೆ ನಿಯಮದಲ್ಲಿ ಸಂಸದರ ವೋಟಿಗೆ 65 ಭಾಗ ತೂಕ, ಕಾರ್ಯಕರ್ತರಿಗೆ 25, ಕೌನ್ಸಿಲರ್‌ಗಳಿಗೆ 10. ಸಂಸದರಲ್ಲಿ 51 ಜನ ಲಿಯೋ ಕಡೆ, 22 ಜನ ಕೋವ್ನಿ ಕಡೆ. ಸ್ಪರ್ಧೆ ಶುರುವಾದ ಒಂದೆರಡು ದಿನದಲ್ಲೇ ಸಾಲಾಗಿ ಬಂದು ಬೆಂಬಲ ಘೋಷಿಸಿಬಿಟ್ರು, ಆಟ ಅಲ್ಲೇ ಮುಗೀತು. ನನ್ನ ಮನೆ ಮಾಲೀಕರು ಪಕ್ಷದ ಹಳೇ ಸದಸ್ಯರು, ಇವತ್ತಿಗೂ ಆ ವಿಷಯ ತೆಗೆದ್ರೆ ಟೀ ಕೆಳಗಿಡ್ತಾರೆ.

ಹಳೇಮೇಷ್ಟ್ರು
ನಮ್ಮಲ್ಲಿ ಶಾಸಕಾಂಗ ಪಕ್ಷದ ಸಭೆ, ವೀಕ್ಷಕರು, ಹೈಕಮಾಂಡ್‌ನಿಂದ ಬರೋ ಲಕೋಟೆ. ಅಲ್ಲಿ ಕಾರ್ಯಕರ್ತನ ಕೈಗೂ ಒಂದು ಚೀಟಿ ಕೊಡ್ತಾರಲ್ಲ, ಅದೇ ದೊಡ್ಡದು ಮಾರಾಯ್ರೆ.

ಸುಮ್ನೆ_ಬಂದೆ
ಪ್ರಧಾನಿಗೆ ಅಲ್ಲಿ ಏನೋ ವಿಚಿತ್ರ ಹೆಸರಿದೆಯಲ್ಲ, ತಾವೋಯಿಸೀಚ್?

ಬ್ಲಾಂಚ್_ನಿವಾಸಿ
😂 ನಾನೂ ಮೊದಲ ವರ್ಷ ಹಾಗೇ ಓದ್ತಿದ್ದೆ. "ಟೀಶಕ್" ಅನ್ನಬೇಕು. ಉಪಪ್ರಧಾನಿ "ಟಾನಿಷ್ಟ". ಐರಿಷ್ ಕಾಗುಣಿತ ನೋಡಿದ ಮೇಲೆ ನಮ್ಮ ಒತ್ತಕ್ಷರಕ್ಕೆ ಕೈ ಮುಗಿದೆ.

ಕಡಲತಡಿ
ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಆತನ ಬಾಯಿಗೆ ಮೊದಲಿಂದ ಕಡಿವಾಣ ಇರಲಿಲ್ಲ. 2010ರಲ್ಲಿ ದೇಶ ಸಾಲದಲ್ಲಿ ಮುಳುಗಿದ್ದಾಗ ಪ್ರಧಾನಿ ಕೋವನ್ ಮುಖಕ್ಕೇ, ನೀವು ಲೆಮಾಸ್ ಅಲ್ಲ, ಲಿಂಚ್ ಅಲ್ಲ (ಇಬ್ಬರೂ ಹಳೇ ಪ್ರಧಾನಿಗಳು), ನೀವು ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಥರ, ಸಾಲ ಮೂರು ಪಟ್ಟು ಮಾಡಿದ್ರಿ ಅಂದ. ಫಿಟ್ಸ್‌ಜೆರಾಲ್ಡ್ ಯಾರು? ಲಿಯೋನ ಸ್ವಂತ ಪಕ್ಷದ ಹಿರಿಯ, ಮಾಜಿ ಪ್ರಧಾನಿ, ಆಗ ಇನ್ನೂ ಬದುಕಿದ್ದರು! ಎದುರು ಪಕ್ಷಕ್ಕೆ ಬೈಯೋಕೆ ಹೋಗಿ ಮನೆ ಹಿರಿಯರಿಗೇ ಬಡಿದ ಹಾಗಾಯ್ತು.

ಅದೇ ವರ್ಷ ನಾಯಕ ಕೆನ್ನಿಯನ್ನ ಇಳಿಸೋಕೆ ಹೊರಟ ಗುಂಪಿನಲ್ಲೂ ಇದ್ದ. ಆ ದಂಗೆ ಸೋತಿತು. ಆದ್ರೂ 2011ರಲ್ಲಿ ಕೆನ್ನಿ ಗೆದ್ದಾಗ ಇವನಿಗೆ ಸಾರಿಗೆ ಖಾತೆ ಕೊಟ್ರು. ಅದು ಕೆನ್ನಿಯ ದೊಡ್ಡತನ ಅಂತೀರೋ ಜಾಣತನ ಅಂತೀರೋ ನಿಮಗೆ ಬಿಟ್ಟದ್ದು.

ಆ ಬಾಯಿಯೇ ಒಳ್ಳೇದಕ್ಕೂ ಬಂತು. 2014ರಲ್ಲಿ ಪೊಲೀಸ್ ಇಲಾಖೆಯೊಳಗಿನ ಅಕ್ರಮ ಬಯಲು ಮಾಡಿದ ಇಬ್ಬರು ಪೊಲೀಸರ ನಡತೆಯನ್ನ ಅವರ ಕಮಿಷನರೇ "ಅಸಹ್ಯ" ಅಂದಿದ್ರು. ಮಂತ್ರಿಯಾಗಿದ್ದ ಇವನು ಬಹಿರಂಗವಾಗಿ, ಅಸಹ್ಯ ಅಲ್ಲ, ಅದು "ಘನವಾದದ್ದು" ಅಂದ. ಕೆಲವೇ ದಿನದಲ್ಲಿ ಕಮಿಷನರ್ ಕುರ್ಚಿ ಬಿಟ್ಟರು.

ಬೆಳಗಾವಿ_ಕುಂದಾ
ಇದೆಲ್ಲ ಸರಿ. ಸವಿತಾ ವಿಷಯದಲ್ಲಿ ಈತನ ಪಾಲು ಎಷ್ಟು? ಅದು ನನಗೆ ಮುಖ್ಯ.

ರಾತ್ರಿಪಾಳಿ
ಅದನ್ನ ನಾನೇ ಹೇಳ್ತೀನಿ, ಬೇರೆಯವರು ಬೇಗ ಮುಗಿಸಿಬಿಡ್ತಾರೆ.

1983ರಲ್ಲಿ ಇಲ್ಲಿನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದ್ರು. ತಾಯಿಯ ಜೀವಕ್ಕೂ ಹೊಟ್ಟೆಯೊಳಗಿನ ಜೀವಕ್ಕೂ ಸಮ ಹಕ್ಕು ಅಂತ. ಸವಿತಾಗೆ 31 ವರ್ಷ, 17 ವಾರದ ಬಸುರಿ. ಗರ್ಭ ಉಳಿಯಲ್ಲ ಅಂತ ಗೊತ್ತಾಗಿತ್ತು. ತೆಗೆದುಬಿಡಿ ಅಂತ ಅವಳೇ ಕೇಳಿದಳು. ಭ್ರೂಣದ ಎದೆಬಡಿತ ಇರೋತನಕ ಕಾನೂನು ಬಿಡಲ್ಲ ಅಂದ್ರು. ನಂಜೇರಿ 2012ರ ಅಕ್ಟೋಬರ್ 28ಕ್ಕೆ ಹೋದಳು. ಆಗ ಲಿಯೋ ಸಾರಿಗೆ ಮಂತ್ರಿ.

2014ರಲ್ಲಿ ಆರೋಗ್ಯ ಮಂತ್ರಿಯಾಗಿ, ನಾನು ಗರ್ಭಪಾತದ ವಿರೋಧಿಯೇ, ಆದ್ರೆ ಈ ಕಾನೂನು ಬಿಗಿ ಜಾಸ್ತಿಯಾಯ್ತು ಅಂತ ಡಾಲ್‌ನಲ್ಲಿ ಹೇಳಿದ. ಅರ್ಧ ಒಳಗೆ, ಅರ್ಧ ಹೊರಗೆ. ಕೆನ್ನಿ ಕಾಲದಲ್ಲಿ, 2016ರಲ್ಲಿ, 99 ಜನ ಸಾಮಾನ್ಯರನ್ನ ಆರಿಸಿ ಒಬ್ಬ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ನಾಗರಿಕರ ಸಭೆ ಕೂರಿಸಿದ್ರು. ಅವರು ಕೇಳಿ, ಓದಿ, ವಾದ ಮಾಡಿ, ಕಾನೂನು ಬದಲಾಗಬೇಕು ಅಂದ್ರು. ರಾಜಕಾರಣಿಗಳಿಗಿಂತ ಮುಂದೆ ಹೋದದ್ದು ಆ ಜನ. ಲಿಯೋ ಪ್ರಧಾನಿಯಾಗಿ 2018ರ ಮೇ 25ಕ್ಕೆ ಜನಮತಕ್ಕೆ ಇಟ್ಟ, ತಾನೇ ಪ್ರಚಾರಕ್ಕೂ ಇಳಿದ. ನೂರಕ್ಕೆ 66 ಜನ ಹೌದು ಅಂದ್ರು.

ಫಲಿತಾಂಶದ ದಿನ ನನಗೆ ಡ್ಯೂಟಿ ಇರಲಿಲ್ಲ. ಡಬ್ಲಿನ್ನಿನ ಪೋರ್ಟೊಬೆಲ್ಲೊದಲ್ಲಿ ಒಂದು ಗೋಡೆ ಮೇಲೆ ಸವಿತಾಳ ದೊಡ್ಡ ಚಿತ್ರ ಬಿಡಿಸಿದ್ರು, ಅಲ್ಲಿಗೆ ಹೋದೆ. ಜನ ಚಿಕ್ಕ ಚಿಕ್ಕ ಚೀಟಿ ಬರೆದು ಅವಳ ಸುತ್ತ ಅಂಟಿಸ್ತಾ ಇದ್ರು. ಕ್ಷಮಿಸು ಅಂತ ಎಷ್ಟೊಂದು ಚೀಟಿ. ನಾನು ಕನ್ನಡದಲ್ಲಿ ಒಂದು ಬರೆದೆ. ಪಕ್ಕದ ಐರಿಷ್ ಹುಡುಗಿ ಇದು ಯಾವ ಭಾಷೆ ಅಂದಳು. ಅವಳ ಭಾಷೆ ಅಂದೆ. ಆ ಹುಡುಗಿ ಅಲ್ಲೇ ಅಳೋಕೆ ಶುರು ಮಾಡಿದಳು.

ಲಿಯೋ ಪಾಲು ಎಷ್ಟು ಅಂದ್ರೆ, ಬಾಗಿಲು ತಳ್ಳಿದ್ದು ಹೆಂಗಸರು. ಆತ ಚಿಲಕ ತೆಗೆದ. ಅಡ್ಡ ನಿಲ್ಲಲಿಲ್ಲ.

ಬೆಳಗಾವಿ_ಕುಂದಾ
ಅಕ್ಕಾ, ಏನು ಬರೀಬೇಕು ಗೊತ್ತಾಗ್ತಿಲ್ಲ. ಥ್ಯಾಂಕ್ಸ್.

ಕೋಡ್_ಕೊಟ್ರೇಶಿ
ಈ ಒಂದರಲ್ಲಿ ನಾನು ವಾದ ಮಾಡಲ್ಲ.

ಹಳೇಮೇಷ್ಟ್ರು
ಇನ್ನೊಂದು ಜನಮತ ಮರೆತಿರಿ. 2015ರ ಜನವರಿಯಲ್ಲಿ, ತನ್ನ 36ನೇ ಹುಟ್ಟುಹಬ್ಬದ ದಿನ ರೇಡಿಯೋದಲ್ಲಿ ಕೂತು ತಾನು ಸಲಿಂಗಿ ಅಂತ ಹೇಳಿಕೊಂಡ. ಅದೇ ಮೇ ತಿಂಗಳಲ್ಲಿ ಸಲಿಂಗಿಗಳ ಮದುವೆಗೆ ನೂರಕ್ಕೆ 62 ಜನ ಒಪ್ಪಿದ್ರು. 1993ರ ತನಕ ಅದೇ ದೇಶದಲ್ಲಿ ಸಲಿಂಗ ಸಂಬಂಧವೇ ಅಪರಾಧ ಆಗಿತ್ತು.

ಮತದಾನದ ಪದ್ಧತಿ ಬಗ್ಗೆ ಯಾರೋ ಮೊದಲ ಪ್ರಾಶಸ್ತ್ಯ ಅಂದ್ರಲ್ಲ. ನಾನು ಪದವೀಧರ ಕ್ಷೇತ್ರದ ಚುನಾವಣೆಗೆ ಎರಡು ಸಲ ಮತಗಟ್ಟೆ ಕೆಲಸ ಮಾಡಿದವನು. ನೇರಳೆ ಸ್ಕೆಚ್ ಪೆನ್ ಕೊಟ್ಟು, 1, 2, 3 ಅಂತ ಅಂಕಿ ಬರೀರಿ, ಟಿಕ್ ಹಾಕಬೇಡಿ ಅಂತ ಗಂಟಲು ಹರ್ಕೊಂಡಿದ್ದೀನಿ. ಎಂ.ಎ. ಓದಿದವರೂ ಟಿಕ್ ಹಾಕಿ ಹೋಗ್ತಿದ್ರು! ಐರ್ಲೆಂಡಿನಲ್ಲಿ ಡಾಲ್‌ಗೂ ಹೆಚ್ಚುಕಡಿಮೆ ಅದೇ ಪದ್ಧತಿ, ಆದ್ರೆ ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಜನ ಸದಸ್ಯರು.

ಬ್ಲಾಂಚ್_ನಿವಾಸಿ
ಮೇಷ್ಟ್ರೇ, ಸರಿಯಾಗಿ ಹೇಳಿದ್ರಿ. ಅದಕ್ಕೇ ಇಲ್ಲಿ ಪ್ರಧಾನಿಯಾದ್ರೂ ಊರಲ್ಲಿ ಕೈ ಕುಲುಕ್ತಾ ತಿರುಗಲೇಬೇಕು. 2020ರಲ್ಲಿ ನಮ್ಮ ಕ್ಷೇತ್ರದಲ್ಲಿ ಮೊದಲು ಬಂದದ್ದು ಶಿನ್ ಫೇನ್ ಪಕ್ಷದವರು, ಕೂತಿದ್ದ ಪ್ರಧಾನಿ ಐದನೇ ಸುತ್ತಿನ ಎಣಿಕೆಯಲ್ಲಿ ದಡ ಸೇರಿದ. ಎಣಿಕೆ ಕೈಯಲ್ಲೇ. ಬೇಲಿ ಆಚೆ ಪಕ್ಷದವರು ಪೆನ್ಸಿಲ್ ಹಿಡ್ಕೊಂಡು ನಿಂತಿರ್ತಾರೆ, ಪೆಟ್ಟಿಗೆ ಸುರಿದು ಚೀಟಿ ಬಿಚ್ಚುವಾಗಲೇ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅಂತ ಗೀಟು ಹಾಕ್ಕೊಂಡು ಅಧಿಕೃತ ಲೆಕ್ಕಕ್ಕಿಂತ ಮುಂಚೆ ಹೇಳಿಬಿಡ್ತಾರೆ.

ಚುನಾವಣೆ ಆದ ಏಳು ದಿನದೊಳಗೆ ಕಂಬದ ಪೋಸ್ಟರ್ ತೆಗೀಬೇಕು, ಇಲ್ಲಾಂದ್ರೆ ದಂಡ. ಗಟ್ಟಿ ಪ್ಲಾಸ್ಟಿಕ್ ಹಾಳೆ ಅದು. ನಮ್ಮ ಹಿತ್ತಲ ಸೈಕಲ್ ಶೆಡ್ಡಿಗೆ ಸೋರದ ಹಾಗೆ ಅಂಥದ್ದೇ ನಾಲ್ಕು ಹಾಸಿದ್ದೀನಿ. ಎರಡು ಪಕ್ಷದ್ದು ಎರಡೆರಡು, ಪಕ್ಷಪಾತ ಇಲ್ಲ.

ಮಂಡ್ಯ_ಇನ್_ಕಾರ್ಕ್
2020ರ ಕಥೆ ಪೂರ್ತಿ ಮಾಡಿ. ಫಿಯನ್ನ ಫಾಲ್ ಪಕ್ಷಕ್ಕೆ 38 ಸೀಟು, ಶಿನ್ ಫೇನ್‌ಗೆ 37, ಲಿಯೋ ಪಕ್ಷಕ್ಕೆ 35. ಮೂರನೇ ಸ್ಥಾನ! ಸುಮಾರು ನೂರು ವರ್ಷ ಹಿಂದಿನ ಅಂತರ್ಯುದ್ಧದ ಎರಡು ಕಡೆಯಿಂದ ಬೆಳೆದ ಫಿಯನ್ನ ಫಾಲ್, ಫಿನ ಗೇಲ್ ಎರಡೂ ಮೊದಲ ಸಲ ಸೇರಿ ಸರ್ಕಾರ ಮಾಡಿದ್ವು, ಜೊತೆಗೆ ಗ್ರೀನ್ಸ್. ಪ್ರಧಾನಿ ಕುರ್ಚಿ ಪಾಲು. ಮೊದಲು ಫಿಯನ್ನ ಫಾಲ್‌ನ ಮೀಹಾಲ್ ಮಾರ್ಟಿನ್, 2022ರ ಡಿಸೆಂಬರ್ 17ಕ್ಕೆ ಲಿಯೋ.

ಸುಮ್ನೆ_ಬಂದೆ
20-20 ತಿಂಗಳ ಒಪ್ಪಂದನಾ? ಕೊನೆಗೆ ಕುರ್ಚಿ ಬಿಟ್ಟುಕೊಟ್ರಾ? 👀

ಮಂಡ್ಯ_ಇನ್_ಕಾರ್ಕ್
ಬಿಟ್ಟುಕೊಟ್ರು ಕಣಪ್ಪ, ಹೇಳಿದ ತಿಂಗಳಲ್ಲೇ. ನಾನೂ ನಂಬಿರಲಿಲ್ಲ.

ಕೋಡ್_ಕೊಟ್ರೇಶಿ
ಕಾಗದ ಸೋರಿಕೆ ವಿಷಯ ಯಾರೂ ಎತ್ತಲ್ಲ ನೋಡಿ. 2019ರಲ್ಲಿ ಪ್ರಧಾನಿಯಾಗಿದ್ದಾಗ, ಊರಿನ ವೈದ್ಯರ ಒಂದು ಸಂಘದ ಜೊತೆ ಸರ್ಕಾರ ಮಾಡ್ಕೊಳ್ತಿದ್ದ ಒಪ್ಪಂದದ ಗುಟ್ಟಿನ ಕರಡನ್ನ, ಇನ್ನೊಂದು ವೈದ್ಯರ ಸಂಘದ ಮುಖ್ಯಸ್ಥನಾಗಿದ್ದ ಗೆಳೆಯನಿಗೆ ಕಳಿಸಿದ. 2020ರಲ್ಲಿ ಪತ್ರಿಕೆಯೊಂದು ಬಯಲಿಗೆಳೀತು. ಡಾಲ್‌ನಲ್ಲಿ ಕ್ಷಮೆ ಕೇಳಿದ. ಪೊಲೀಸ್ ತನಿಖೆ ಆಯ್ತು. 2022ರ ಜುಲೈಯಲ್ಲಿ ಮೊಕದ್ದಮೆ ಬೇಡ ಅಂತ ತೀರ್ಮಾನ.

ಮತ್ತೆ ಮನೆ! 2023ರ ಮಾರ್ಚ್ ಕೊನೆಗೆ ಬಾಡಿಗೆದಾರರನ್ನ ಎಬ್ಬಿಸಬಾರದು ಅನ್ನೋ ಚಳಿಗಾಲದ ತಡೆಯನ್ನ ಮುಂದುವರಿಸದೆ ಬಿಟ್ರು. ಆ ಬೇಸಿಗೆಗೆ ನಮಗೆ ನೋಟಿಸ್ ಬಂತು, ಮನೆ ಮಾರ್ತೀವಿ ಅಂತ. ಒಂದು ಮನೆ ನೋಡೋಕೆ ಹೋದ್ರೆ ಮೆಟ್ಟಿಲ ಮೇಲೆ ಮೂವತ್ತು ಜನ, ಎಲ್ಲರ ಕೈಯಲ್ಲೂ ಸಂಬಳದ ಚೀಟಿ ಫೈಲು. ಹೆಂಡತಿ ಎಂಟು ತಿಂಗಳ ಬಸುರಿ, ಗೋಡೆಗೆ ಒರಗಿ ನಿಂತಿದ್ದಳು. ನಿಮ್ಮ ಲಿಯೋ ಇತಿಹಾಸ ಬರೀಲಿ, ನನಗೆ ನೆನಪಿರೋದು ಆ ಮೆಟ್ಟಿಲು.

ಬ್ಲಾಂಚ್_ನಿವಾಸಿ
ಇದಕ್ಕೆ ಉತ್ತರ ಇಲ್ಲ ಗುರೂ. ಆತ ಹೋಗೋಕೂ ಇದು ಅರ್ಧ ಕಾರಣ ಅಂತ ನನ್ನ ಅನಿಸಿಕೆ.

ಮೇಲ್ನೋಟದ ಕಾರಣ 2024ರ ಮಾರ್ಚ್ 8ರ ಎರಡು ಜನಮತ. ಸಂವಿಧಾನದಲ್ಲಿ ತಾಯಿಯ ಮನೆಗೆಲಸದ ಬಗ್ಗೆ ಇದ್ದ ಹಳೇ ಸಾಲು ತೆಗೆಯೋದು ಒಂದು, ಕುಟುಂಬದ ವ್ಯಾಖ್ಯೆ ಹಿಗ್ಗಿಸೋದು ಇನ್ನೊಂದು. ಗೆಲುವು ಗ್ಯಾರಂಟಿ ಅಂತ ಮಹಿಳಾ ದಿನವೇ ನೋಡಿ ಇಟ್ರು. ಮೊದಲನೇದಕ್ಕೆ ನೂರಕ್ಕೆ 74, ಎರಡನೇದಕ್ಕೆ 68 ಜನ ಬೇಡ ಅಂದ್ರು. ಬರೆದ ಪದವೇ ಸರಿಯಿಲ್ಲ ಅಂತ ಸುಧಾರಣೆ ಬೇಕು ಅನ್ನೋರೂ ಬೇಡ ಹಾಕಿದ್ರು. ಮಾರ್ಚ್ 17ಕ್ಕೆ ವಾಷಿಂಗ್ಟನ್‌ನಲ್ಲಿ ಬೈಡನ್ ಪಕ್ಕ ನಿಂತು ಗಾಜಾ ಬಗ್ಗೆ ಮಾತಾಡಿದ. 20ಕ್ಕೆ ಡಬ್ಲಿನ್ನಿನ ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಈ ಕೆಲಸಕ್ಕೆ ಈಗ ನಾನು ಸರಿಯಾದ ಮನುಷ್ಯ ಅಲ್ಲ ಅನ್ನೋ ಅರ್ಥದ ಮಾತು ಹೇಳಿ ಬಿಟ್ಟ. ಗಂಟಲು ಕಟ್ಟಿತ್ತು. ನಾನು ಆಫೀಸಿನ ಅಡುಗೆಕೋಣೆಯಲ್ಲಿ ಫೋನಿನಲ್ಲಿ ನೋಡ್ತಿದ್ದೆ. ಆತನಿಗೆ ಜನ್ಮದಲ್ಲಿ ವೋಟು ಹಾಕದ ಸಹೋದ್ಯೋಗಿ ಕೂಡ ಕೆಟಲ್ ಆರಿಸಿ ನಿಂತು ಕೇಳಿದ.

ಜಾಗಕ್ಕೆ ಸೈಮನ್ ಹ್ಯಾರಿಸ್ ಬಂದ, 37 ವರ್ಷ, ಇನ್ನೂ ಚಿಕ್ಕವನು. ನವೆಂಬರ್ ಚುನಾವಣೆಗೆ ಲಿಯೋ ನಿಲ್ಲಲೇ ಇಲ್ಲ. ಆಮೇಲೆ ಹಾರ್ವರ್ಡ್‌ಗೆ ಪಾಠ ಮಾಡೋಕೆ ಹೋದ.

ಕಡಲತಡಿ
ಸೋಲೋ ಮುಂಚೆ ಎದ್ದು ಹೋದ ಅಂತಾನೂ ಹೇಳಬಹುದು. ಅದೂ ಒಂದು ಕಲೆ.

ಹಳೇಮೇಷ್ಟ್ರು
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಕ್ಷಮಿಸಿ. ಐರ್ಲೆಂಡಿನ ಸಂವಿಧಾನ ಅಂದ್ರಲ್ಲ, ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳು ಬಂದಿದ್ದೇ ಅಲ್ಲಿಂದ. 1947ರಲ್ಲಿ ಡಬ್ಲಿನ್ನಿಗೆ ಹೋಗಿ ಆಗಿನ ಪ್ರಧಾನಿ ಡಿ ವಲೇರಾ ಅವರನ್ನ ಕಂಡು ಬಂದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್. ಇನ್ನು ವಿ.ವಿ. ಗಿರಿ, ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ಡಬ್ಲಿನ್ನಿನಲ್ಲೇ ಲಾ ಓದಿದ್ದು. 1916ರಲ್ಲಿ ಬ್ರಿಟಿಷರ ವಿರುದ್ಧ ಅಲ್ಲಿ ದಂಗೆ ಆದ ಮೇಲೆ ಅಲ್ಲಿಂದ ಹೊರಡಬೇಕಾಯ್ತು. ಅದಕ್ಕೂ ಹಿಂದೆ, 1894ರಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು ಆಲ್ಫ್ರೆಡ್ ವೆಬ್, ಐರ್ಲೆಂಡಿನ ಸಂಸದ.

ಕಡಲತಡಿ
ಬೆನಗಲ್ ರಾಯರ ಹೆಸರು ಹೇಳಿದ್ದಕ್ಕೆ ಮೇಷ್ಟ್ರಿಗೆ ಒಂದು ಗೋಳಿಬಜೆ ಪ್ಲೇಟು ನನ್ನ ಕಡೆಯಿಂದ.

ಸುಮ್ನೆ_ಬಂದೆ
ಹಾಗಾದ್ರೆ ಕೊನೆಗೆ "ನಮ್ಮವನು" ಅನ್ಬಹುದಾ ಅನ್ಬಾರದಾ?

ರಾತ್ರಿಪಾಳಿ
2019ರ ಡಿಸೆಂಬರ್ ಕೊನೆಗೆ ಅಪ್ಪ ಅಮ್ಮನ ಜೊತೆ ವರಾಡಕ್ಕೆ ಬಂದಿದ್ದ. ಊರವರು ಮೆರವಣಿಗೆ ಮಾಡಿದ್ರು. ಊರಿನವರು ಅಂದುಕೊಂಡ್ರೆ ಅವರ ಖುಷಿ. ಆದ್ರೆ ಇಲ್ಲಿ ನನ್ನ ಮಗನ ಕ್ಲಾಸಿನ ಐರಿಷ್ ಮಕ್ಕಳಿಗೆ ವರಾಡ್ಕರ್ ಅನ್ನೋದು ಬೇರೆ ದೇಶದ ಹೆಸರು ಅನ್ಸೋದೇ ಇಲ್ಲ. ನಮ್ಮ ಮನೆ ಹೆಸರು ಹೇಳೋಕೆ ಮಾತ್ರ ಇನ್ನೂ ತಡವರಿಸ್ತಾರೆ.

ಬೆಳಗಾವಿ_ಕುಂದಾ
ಮುಂದಿನ ಸಲ ವರಾಡಕ್ಕೂ ಹೋಗಿ ಬರ್ತೀನಿ. ಖಾನಾವಳಿಯವನಿಗೆ ಮಾತ್ರ ಮುಂಬೈಯಲ್ಲಿ ಹುಟ್ಟಿದ್ದು ಅಪ್ಪ ಅಂತ ತಿದ್ದೋಕೆ ಹೋಗಲ್ಲ, ಸೋಲ್‌ಕಡಿ ನಿಲ್ಲಿಸಿಬಿಟ್ಟಾನು.

ಹೊಸಬ_ಲಿಮರಿಕ್
ಎಲ್ಲಾ ಓದಿದೆ. ನಾನು ಬಂದು ಐದು ತಿಂಗಳಾಯ್ತು, ವರ್ಕ್ ಪರ್ಮಿಟ್ ಮೇಲಿದ್ದೀನಿ. ನಮಗೆ ಇಲ್ಲಿ ವೋಟು ಇದೆಯಾ?

ಬ್ಲಾಂಚ್_ನಿವಾಸಿ
ಡಾಲ್‌ಗೂ ಜನಮತಕ್ಕೂ ಇಲ್ಲ, ಅದಕ್ಕೆ ನಮ್ಮಂಥವರಿಗೆ ಇಲ್ಲಿನ ಪೌರತ್ವ ಬೇಕು. ಕೌನ್ಸಿಲ್ ಚುನಾವಣೆಗೆ ಇದೆ, ಯಾವ ದೇಶದವರಾದ್ರೂ ಸರಿ, ಇಲ್ಲಿ ವಾಸ ಇದ್ರೆ ಸಾಕು. ಮುಂದಿನದು 2029ಕ್ಕೆ. ಪಿಪಿಎಸ್ ನಂಬರ್ (ನಮ್ಮ ಆಧಾರ್ ಥರ), ಮನೆಯ ಏರ್‌ಕೋಡ್ (ಪಿನ್‌ಕೋಡ್ ಥರ) ಎರಡನ್ನೂ ಕೈಯಲ್ಲಿಟ್ಕೊಂಡು ಕೂತ್ರೆ ಆನ್‌ಲೈನಿನಲ್ಲೇ ಹೆಸರು ಸೇರಿಸಬಹುದು, ಐದು ನಿಮಿಷದ ಕೆಲಸ.

ಹಳೇಮೇಷ್ಟ್ರು
ಟಿಕ್ ಹಾಕಬೇಡಪ್ಪ. ಅಂಕಿ ಬರಿ.